ಅಜ್ಜಿ ತಾತನ ಊರು ಮೇಲುಕೋಟೆಗೆ ಹೋಗೋದು ಹೇಗೆ

ಬೆಂಗಳೂರು ಮೈಸೂರಲ್ಲಿ "ನಮ್ಮ ಮೂಲ ಮೇಲುಕೋಟೆ" ಅನ್ನೋರು ಬೇಕಾದಷ್ಟು ಜನ ಇದಾರೆ, ಆದ್ರೆ ಹೋದಾಗ ಬೆಟ್ಟ ಹತ್ತಿ, ಕಲ್ಯಾಣಿ ಹತ್ರ ಫೋಟೋ ತೆಗೆಸ್ಕೊಂಡು, ಪುಳಿಯೋಗರೆ ತಿಂದು ಸಂಜೆಗೆ ವಾಪಸ್ ಬಂದ್ಬಿಡ್ತಾರೆ. ನಿಮ್ಮ ಮನೆತನದ ಊರು ನೋಡ್ಬೇಕು ಅಂದ್ರೆ ಅಷ್ಟು ಸಾಲಲ್ಲ.

ಹೊರಡೋ ಮುಂಚೆ ಮನೇಲಿರೋ ಹಿರಿಯರ ಹತ್ರ ಕೂತ್ಕೊಂಡು, ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಸುಮ್ನೆ ಮಾತಾಡ್ಸಿ. ಯಾವ ಬೀದಿ, ಎದುರು ಮನೆ ಯಾರ್ದು, ಕುಡಿಯೋ ನೀರು ಎಲ್ಲಿಂದ ತರ್ತಿದ್ರು, ದೇವಸ್ಥಾನದಲ್ಲಿ ನಮ್ಮೋರ ಕೈಂಕರ್ಯ (ದೇವರ ಸೇವೆ) ಏನಾದ್ರೂ ಇತ್ತಾ, ಯಾವ ಸ್ಥಾನೀಕರ (ದೇವಸ್ಥಾನದ ಉಸ್ತುವಾರಿ ವಂಶಪಾರಂಪರ್ಯವಾಗಿ ನೋಡ್ಕೊಳ್ಳೋರ) ಮನೆಯೋರು ನೆಂಟರು, ಎಲ್ಲಾ ಕೇಳಿ. ಅಲ್ಲಿ ಡೋರ್ ನಂಬರ್ ಹಿಡ್ಕೊಂಡು ಹುಡುಕೋದಕ್ಕಿಂತ, ಜಗಲಿ ಮೇಲೆ ಕೂತಿರೋ ಹಿರಿಯರ ಹತ್ರ "ಇಂಥೋರ ಮೊಮ್ಮಗಳು ನಾನು, ತಾತ ಪಾಠಶಾಲೇಲಿ ಮೇಷ್ಟ್ರಾಗಿದ್ರು" ಅಂತ ಶುರು ಮಾಡಿದ್ರೆ ಬೇಗ ಕೆಲ್ಸ ಆಗುತ್ತೆ.

ಸಾಧ್ಯ ಆದ್ರೆ ಆ ಹಿರಿಯರನ್ನೂ ಕರ್ಕೊಂಡು ಹೋಗಿ. ಅಕ್ಕ ತಂಗಿ ಕೊಳದ ಹತ್ರ ನಿಲ್ಲಿಸಿ ನೋಡಿ, ಪಕ್ಕಪಕ್ಕದಲ್ಲೇ ಎರಡು ಕೊಳ, ಒಂದರ ನೀರು ಕುಡಿಯೋಕೆ ಇನ್ನೊಂದು ಬಳಕೆಗೆ, ಅಲ್ಲಿ ಮಾತು ತಾನಾಗೇ ಬರುತ್ತೆ. ಹಳೇ ಮನೆ ಸಿಕ್ಕಿದ್ರೆ ಈಗಿರೋರನ್ನ ಕೇಳಿಯೇ ಒಳಗೆ ಹೋಗಿ, ಹಣ್ಣು ಹೂವು ಒಯ್ಯಿರಿ, ಅವರು ಹೂಂ ಅನ್ನೋವರ್ಗೂ ಫೋಟೋ ಬೇಡ. ತೊಲೆ ಕಡೆ ಒಂದ್ಸಲ ಕಣ್ಣು ಹಾಯಿಸಿ, ಉಯ್ಯಾಲೆ ಹಾಕ್ತಿದ್ದ ಕಬ್ಬಿಣದ ಬಳೆ ಎಷ್ಟೋ ಮನೆಗಳಲ್ಲಿ ಇನ್ನೂ ಹಾಗೇ ಇರುತ್ತೆ, ಅಮ್ಮನಿಗೆ ಅದೊಂದು ಕಂಡ್ರೆ ಸಾಕು. ಮನೆ ಬಿದ್ದೋಗಿದ್ರೂ ಬೇಜಾರು ಮಾಡ್ಕೋಬೇಡಿ, ಕವಿ ಪುತಿನ (1905ರಲ್ಲಿ ಹುಟ್ಟಿದ್ದು ಈ ಊರಲ್ಲೇ) ಅವರ ಮನೆ ಉಳಿಸಿಟ್ಟಿದಾರೆ, ಆಗಿನ ಮನೆ ಹೇಗಿತ್ತು ಅಂತ ಮಕ್ಕಳಿಗೆ ಅಲ್ಲಿ ತೋರಿಸ್ಬಹುದು. ಮನೇಲಿ ಹಳೇ ತಾಳೆಗರಿ ಕಟ್ಟು ಇದ್ರೆ ಅಟ್ಟದಲ್ಲಿ ಹಾಳಾಗೋಕೆ ಬಿಡ್ಬೇಡಿ, ಇಲ್ಲಿನ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಹಸ್ತಪ್ರತಿ ಭಂಡಾರನೇ ಇದೆ, ಅಲ್ಲಿ ವಿಚಾರಿಸಿ.

ದಿನ ಆರಿಸೋದು ಮುಖ್ಯ. ಫಾಲ್ಗುಣದಲ್ಲಿ ವೈರಮುಡಿ, ಮಂಡ್ಯದ ಖಜಾನೆಯಿಂದ ಕಿರೀಟ ಬರುತ್ತೆ, ರಾತ್ರಿ ಚೆಲುವನಾರಾಯಣನಿಗೆ ಅದನ್ನ ತೊಡಿಸಿ ಉತ್ಸವ. ಚದುರಿಹೋದ ನೆಂಟರೆಲ್ಲ ಒಂದೇ ಕಡೆ ಸಿಗೋದು ಆವಾಗ್ಲೇ, ಆದ್ರೆ ಮನೆ ಹುಡುಕೋಕೆ ಆ ಜನಜಂಗುಳೀಲಿ ಆಗಲ್ಲ, ಅದಕ್ಕೆ ಬೇರೆ ವಾರದ ದಿನ ಇಟ್ಕೊಳ್ಳಿ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕ್ತಾರೆ, ಯೋಗನರಸಿಂಹನ ಬೆಟ್ಟಕ್ಕೆ ಬಿಸಿಲೇರೋ ಮುಂಚೆ ಹೋಗ್ಬೇಕು. ಹಾಗಾಗಿ ಬೆಳಗ್ಗೆ ಬೆಟ್ಟ ದೇವಸ್ಥಾನ ಮುಗ್ಸಿ ಊಟ ಆದ್ಮೇಲೆ ಬೀದಿ ಸುತ್ತಿ. ರಾಯಗೋಪುರ ಸಂಜೆಗೆ ಇರ್ಲಿ, ಅರ್ಧಕ್ಕೇ ನಿಂತ ಆ ಕಂಬಗಳನ್ನ ನಾನಂತೂ ಎಷ್ಟು ಸಲ ನೋಡಿದ್ರೂ ಬಿಟ್ಟು ಬರೋಕೆ ಮನಸ್ಸಾಗಲ್ಲ.

ಬಸ್ಸು ಮೈಸೂರು, ಮಂಡ್ಯ, ಪಾಂಡವಪುರದಿಂದ ಇದೆ, ಕಾರಲ್ಲಾದ್ರೆ ಜಕ್ಕನಹಳ್ಳಿ ಕ್ರಾಸಲ್ಲಿ ತಿರುಗ್ಬೇಕು. ಟೈಮ್ ಉಳಿದ್ರೆ ವಾಪಸ್ ಬರ್ತಾ ತೊಣ್ಣೂರಿಗೂ ಹೋಗ್ಬನ್ನಿ, ರಾಮಾನುಜರ ಹೆಸರಿನ ಜೊತೆ ಬರೋ ಊರೇ ಅದೂನು. ದೊಡ್ಡ ಕೆರೆ ಇದೆ, ನಂಬಿನಾರಾಯಣನ ಗುಡಿ ಇದೆ, ಮೇಲುಕೋಟೆಯಷ್ಟು ರಶ್ ಇರಲ್ಲ.