ಬೆಂಕಿಗಿಂತ ಮೊದಲು ಕಟ್ಟಡವನ್ನು ಓದಲು ನಾನು ಕಲಿತ ಬಗೆ

ಅಗ್ನಿಶಾಮಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಹೆಚ್ಚಾಗಿ ಹೇಳಿಕೊಟ್ಟಿದ್ದು ಬೆಂಕಿಯ ವಿಷಯ. ಹೊಗೆಯ ಬಣ್ಣ ಏನು ಹೇಳುತ್ತದೆ, ಕೋಣೆಯೆಲ್ಲ ಯಾವಾಗ ಒಮ್ಮೆಗೇ ಹೊತ್ತಿಕೊಳ್ಳುತ್ತದೆ, ನೀರನ್ನು ಎಲ್ಲಿಗೆ ಹೊಡೆಯಬೇಕು ಎಂಬುದೆಲ್ಲ. ಕಟ್ಟಡದ ಪಾಠ ಅವಸರದಲ್ಲಿ ಮುಗಿದಿತ್ತು. ಉಳಿದದ್ದನ್ನು ನಾನೇ ಹುಡುಕಿಕೊಂಡು ಹೋಗಿ ಕಲಿತೆ. ಈಗ ಯಾವ ಕಟ್ಟಡದ ಮುಂದೆ ನಿಂತರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಈ ಚಾವಣಿಯ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ, ಆ ದಾರಿಯಲ್ಲಿ ಬೆಂಕಿ ಎಲ್ಲಿ ಕೂತಿದೆ?

ಈ ಪ್ರಶ್ನೆ ರೂಢಿಯಾಗಿದ್ದು ಕಟ್ಟುತ್ತಿರುವ ಕಟ್ಟಡಗಳಲ್ಲಿ. ರಜೆಯ ದಿನ ಅನುಮತಿ ಕೇಳಿ ಕೆಲಸ ನಡೆಯುವ ಜಾಗಕ್ಕೆ ಹೋಗುತ್ತಿದ್ದೆ. ಪ್ಲಾಸ್ಟರ್ ಆಗದ, ಫಾಲ್ಸ್ ಸೀಲಿಂಗ್ ಹಾಕದ ಕಟ್ಟಡ ಎಲ್ಲವನ್ನೂ ಬಿಚ್ಚಿ ತೋರಿಸುತ್ತದೆ. ಸ್ಲ್ಯಾಬಿನ ಭಾರ ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ಅಡಿಪಾಯಕ್ಕೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಯಾವ ಗೋಡೆ ಭಾರ ಹೊರುತ್ತದೆ, ಯಾವುದು ಬರೀ ಮರೆಗೆ ನಿಂತಿದೆ ಎಂದು ಮೇಸ್ತ್ರಿಯನ್ನು ಕೇಳುತ್ತಿದ್ದೆ. ಅವರು ಒಂದು ಮಾತೂ ಬಿಡದೆ ಹೇಳುತ್ತಿದ್ದರು. ಒಂದು ತೊಲೆ ಹೋದರೆ ಅದರ ಮೇಲಿನ ಒಂದಷ್ಟು ಭಾಗ ಮಾತ್ರ ಬೀಳಬಹುದು, ಕಂಬ ಹೋದರೆ ಅದನ್ನು ನಂಬಿಕೊಂಡ ಅಂತಸ್ತುಗಳೆಲ್ಲ ಬೀಳಬಹುದು ಎಂಬ ಲೆಕ್ಕ ತಲೆಯಲ್ಲಿ ಕೂತಿದ್ದು ಅಲ್ಲಿಯೇ.

ಆಮೇಲೆ ಸಾಮಗ್ರಿಗಳ ಕಡೆ ಬಂದೆ. ಉಕ್ಕು ಉರಿಯುವುದಿಲ್ಲ, ಅದಕ್ಕೇ ಅದರ ಮೇಲೆ ಸುಳ್ಳು ಧೈರ್ಯ ಬರುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಸಾಮಾನ್ಯ ಉಕ್ಕಿನ ಅರ್ಧದಷ್ಟು ಬಲ ಹೋಗಿರುತ್ತದೆ. ಚೆನ್ನಾಗಿ ಹೊತ್ತಿಕೊಂಡ ಕೋಣೆಯ ಚಾವಣಿಯಡಿ ಅಷ್ಟು ಬಿಸಿ ಇದ್ದೇ ಇರುತ್ತದೆ. ಬಲ ಕುಗ್ಗುವ ಮೊದಲೇ ಅದು ಹಿಗ್ಗುತ್ತದೆ ಎನ್ನುವುದನ್ನೂ ಮರೆಯಬಾರದು. 10 ಮೀಟರ್ ಉದ್ದದ ತೊಲೆ 500 ಡಿಗ್ರಿಯಲ್ಲಿ 6ರಿಂದ 7 ಸೆಂಟಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಗೋಡೆಯಲ್ಲಿ ಕೂತಿದ್ದರೆ ಅದು ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಬೆಂಕಿ ಆರಿದ ಒಂದು ಗೋದಾಮಿನಲ್ಲಿ ಇಂಥ ಗೋಡೆಯನ್ನು ನೋಡಿದ್ದೇನೆ. ಉರಿ ಅದರ ಹತ್ತಿರಕ್ಕೂ ಬಂದಿರಲಿಲ್ಲ, ಆದರೂ ಇಟ್ಟಿಗೆಗಳು ಹೊರಗೆ ಉಬ್ಬಿ ಬಿರುಕು ಬಿಟ್ಟಿದ್ದವು. ಹಾಗಾಗಿ ಹೊರಗೆ ನಿಂತವರೂ ಉಕ್ಕಿನ ತೊಲೆ ಯಾವ ದಿಕ್ಕಿಗೆ ಹಾದಿದೆ ಎಂದು ತಿಳಿದಿರಬೇಕು ಎನ್ನುತ್ತೇನೆ.

ಮರದ ವಿಷಯದಲ್ಲಿ ದಪ್ಪವೇ ಎಲ್ಲ. ಮೆದು ಜಾತಿಯ ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಇದ್ದಿಲಾಗುತ್ತಾ ಒಳಗೆ ಹೋಗುತ್ತದೆ. ಅರ್ಧ ಗಂಟೆಗೆ ಪ್ರತಿ ಬದಿಯಿಂದ ಸುಮಾರು 20 ಮಿಲಿಮೀಟರ್ ಆಯಿತು. 300 ಮಿಲಿಮೀಟರ್ ದಪ್ಪದ ಹಳೆಯ ತೊಲೆಯಲ್ಲಿ ಇನ್ನೂ 260 ಉಳಿದಿರುತ್ತದೆ, 50 ಮಿಲಿಮೀಟರಿನ ಜಂತಿಯಲ್ಲಿ ಉಳಿಯುವುದು 10 ಮಾತ್ರ. ಇತ್ತೀಚಿನ ‘ಐ’ ಆಕಾರದ ಜಂತಿಗಳಲ್ಲಿ ನಡುವಿನ ಹಲಗೆಯೇ ಸುಮಾರು 10 ಮಿಲಿಮೀಟರಿನದು. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ 2008ರಲ್ಲಿ ಕೆಳಗಡೆ ಯಾವ ಹೊದಿಕೆಯೂ ಇಲ್ಲದ ಮಹಡಿಗಳನ್ನು ಕುಲುಮೆಯಲ್ಲಿಟ್ಟು ಪರೀಕ್ಷಿಸಿತ್ತು. ಹಳೆಯ ಮಾದರಿಯ ಗಟ್ಟಿ ಜಂತಿಯದು ಸುಮಾರು 18 ನಿಮಿಷ ತಡೆಯಿತು, ‘ಐ’ ಜಂತಿಯದು ಸುಮಾರು 6 ನಿಮಿಷಕ್ಕೇ ಕುಸಿಯಿತು. ಕರೆ ಬಂದು, ಗಾಡಿ ತಲುಪಿ, ಪೈಪು ಎಳೆದು ಬಾಗಿಲಿಗೆ ಬರುವ ಹೊತ್ತಿಗೆ ಆ 6 ನಿಮಿಷ ಕಳೆದೇ ಹೋಗಿರಬಹುದು. ಹಾಗಾಗಿ ನಾನು ಗಡಿಯಾರವನ್ನು ನಾವು ತಲುಪಿದ ಹೊತ್ತಿನಿಂದ ಎಣಿಸುವುದಿಲ್ಲ. ಬೆಂಕಿ ಯಾವಾಗ ಕಂಡಿತು ಎಂದು ಅಲ್ಲಿದ್ದವರನ್ನು ಕೇಳಿ ಅಲ್ಲಿಂದ ಎಣಿಸುತ್ತೇನೆ.

ಮರದ ಟ್ರಸ್‌ಗಳನ್ನು (ಮರದ ತುಂಡುಗಳನ್ನು ತ್ರಿಕೋನಗಳಾಗಿ ಹೆಣೆದ, ಚಾವಣಿ ಹೊರುವ ಚೌಕಟ್ಟುಗಳನ್ನು) ಜೋಡಿಸುವ ಹಲ್ಲಿನ ತಗಡುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹಲ್ಲುಗಳು ಮರದೊಳಕ್ಕೆ ಹೋಗುವುದು ಸೆಂಟಿಮೀಟರಿನಷ್ಟು. ಆ ಮೇಲ್ಪದರ ಇದ್ದಿಲಾದರೆ ತಗಡು ಕಳಚಿಕೊಳ್ಳುತ್ತದೆ, ಮರ ಇನ್ನೂ ಗಟ್ಟಿಯಾಗಿದ್ದರೂ ಟ್ರಸ್ ನಿಲ್ಲುವುದಿಲ್ಲ. ಟ್ರಸ್‌ನ ಒಂದು ಅಂಗ ಬಿಟ್ಟರೆ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ, ಅದು ಅದಕ್ಕೆಂದು ಮಾಡಿದ್ದಲ್ಲ. 1988ರ ಜುಲೈ 1ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಕಾರು ಮಾರಾಟ ಮಳಿಗೆಯೊಂದರ ಬಿಲ್ಲಿನಾಕಾರದ ಮರದ ಟ್ರಸ್ ಚಾವಣಿ ಕುಸಿದು 5 ಮಂದಿ ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಚಾವಣಿಗೂ ಕೆಳಗಿನ ಸೀಲಿಂಗಿಗೂ ನಡುವೆ ಕಾರಿನ ಬಿಡಿಭಾಗಗಳನ್ನು ಪೇರಿಸಿಟ್ಟಿದ್ದರು. ಟ್ರಸ್ ಇರುವ ಜಾಗಕ್ಕೆ ಬೆಂಕಿ ಹೊಕ್ಕಿದೆ, ಒಳಗೆ ಉಳಿಸಬೇಕಾದ ಜೀವ ಇಲ್ಲ ಎಂದು ಗೊತ್ತಾದರೆ ನಾನು ಯಾರನ್ನೂ ಅದರ ಕೆಳಗೂ ಕಳಿಸುವುದಿಲ್ಲ, ಮೇಲೂ ಹತ್ತಿಸುವುದಿಲ್ಲ. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆಗೆ ಜಾಗವಿಲ್ಲ.

ಕಾಂಕ್ರೀಟ್ ಉಳಿದವಕ್ಕಿಂತ ನಂಬಿಗಸ್ತ, ಒಪ್ಪುತ್ತೇನೆ. ಆದರೂ ಒಳಗಿನ ತೇವ ಆವಿಯಾಗಿ ಪದರ ಸಿಡಿದು ಬೀಳುತ್ತದೆ, ಸರಳು ಬಯಲಾಗುತ್ತದೆ. ಆಮೇಲೆ ಅದೂ ಉಕ್ಕೇ.

ಕಟ್ಟಿದ ಮೇಲೆ ಮಾಡಿದ ಬದಲಾವಣೆಗಳು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ, ಏಕೆಂದರೆ ಅವು ಹೊರಗಿನಿಂದ ಕಾಣುವುದೇ ಇಲ್ಲ. 1966ರ ಅಕ್ಟೋಬರ್ 17ರಂದು ನ್ಯೂಯಾರ್ಕಿನ 23ನೇ ಬೀದಿಯಲ್ಲಿ ಅಂಗಡಿಯೊಂದರ ನೆಲ ಕುಸಿಯಿತು, 12 ಮಂದಿ ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ನೆಲಮಾಳಿಗೆಯ ಗೋಡೆಯನ್ನು ಯಾವಾಗಲೋ ಸರಿಸಿದ್ದರಿಂದ ಪಕ್ಕದ ಕಟ್ಟಡದ ನೆಲಮಾಳಿಗೆ ಅಂಗಡಿಯ ಕೆಳಗೂ ಚಾಚಿಕೊಂಡಿತ್ತು. ಬೆಂಕಿ ಇದ್ದದ್ದು ಅಲ್ಲಿ. ಮರದ ನೆಲದ ಮೇಲೆ ಹಾಕಿದ್ದ ಸುಮಾರು 5 ಅಂಗುಲದ ಕಾಂಕ್ರೀಟು, ಟೆರಾಝೊ (ಕಲ್ಲಿನ ಚೂರು ಸೇರಿಸಿ ನಯ ಮಾಡಿದ ನೆಲಹಾಸು) ಪದರ ಕೆಳಗಿನ ಕಾವನ್ನು ಮೇಲಕ್ಕೆ ಬಿಡಲಿಲ್ಲ. ಇಂದಿಗೂ ಥರ್ಮಲ್ ಕ್ಯಾಮೆರಾ ನೆಲ ತಣ್ಣಗಿದೆ ಎಂದು ತೋರಿಸಿದರೆ ನಾನು ಈ ಪ್ರಕರಣ ನೆನೆಯುತ್ತೇನೆ. ಕ್ಯಾಮೆರಾ ತೋರಿಸುವುದು ಮೇಲ್ಮೈಯ ಬಿಸಿಯನ್ನಷ್ಟೇ. ಅದಕ್ಕೇ ನೆಲಮಾಳಿಗೆ ಎಷ್ಟು ದೂರ ಹೋಗಿದೆ ಎಂಬುದನ್ನು ಬೆಂಕಿಯಿಲ್ಲದ ದಿನವೇ ಹೋಗಿ, ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳುತ್ತೇವೆ.

ಬಾಸ್ಟನ್ನಿನ ವೆಂಡೋಮ್ ಹೋಟೆಲಿನದು ಇನ್ನೊಂದು ಬಗೆ. 1972ರ ಜೂನ್ 17ರಂದು ಬೆಂಕಿ ಹತೋಟಿಗೆ ಬಂದು, ಉಳಿದ ಕಿಡಿ ಹುಡುಕುವ ಕೆಲಸ ನಡೆಯುತ್ತಿದ್ದಾಗ ಕಟ್ಟಡದ ಒಂದು ಮೂಲೆ ಪೂರ್ತಿ ಕುಸಿಯಿತು, 9 ಮಂದಿ ಸತ್ತರು. ಹಿಂದೆ ದುರಸ್ತಿಯ ಹೊತ್ತಿನಲ್ಲಿ ಗಾಳಿಯ ಕೊಳವೆ ಹಾಯಿಸಲು ಕಬ್ಬಿಣದ ಕಂಬವೊಂದರ ಅಡಿಯ ಗೋಡೆಯನ್ನೇ ಕೊರೆದಿದ್ದರು. ಬೆಂಕಿ ತಗ್ಗಿತೆಂದು ಕಟ್ಟಡ ಗಟ್ಟಿಯಾಗುವುದಿಲ್ಲ. ಅದಕ್ಕೆ ಪೆಟ್ಟು ಬಿದ್ದಿರುತ್ತದೆ, ಮೇಲಾಗಿ ನಾವು ಹೊಡೆದ ನೀರು ಒಳಗಿರುತ್ತದೆ. ನಿಮಿಷಕ್ಕೆ 500 ಲೀಟರ್ ಹೊಡೆಯುವ ಒಂದೇ ಪೈಪು 10 ನಿಮಿಷದಲ್ಲಿ 5 ಟನ್ ಭಾರ ಮೇಲಕ್ಕೆ ಕಳಿಸುತ್ತದೆ. ಮೆಟ್ಟಿಲಿನಿಂದ ನೀರು ಇಳಿದು ಬರುತ್ತಿದೆಯೇ ಎಂದು ನೋಡಲು ನಾನು ಒಬ್ಬರನ್ನು ನಿಲ್ಲಿಸುತ್ತೇನೆ. ಹೊಡೆದಷ್ಟು ಬರುತ್ತಿಲ್ಲವಾದರೆ ಅದು ಎಲ್ಲೋ ನಿಂತಿದೆ, ಇಲ್ಲವೇ ಕಾಗದ, ಹತ್ತಿ, ಬಟ್ಟೆಯ ಮೂಟೆಗಳು ಹೀರಿಕೊಳ್ಳುತ್ತಿವೆ. ನೆನೆದ ಮೂಟೆ ಉಬ್ಬಿ ಗೋಡೆಯನ್ನೂ ತಳ್ಳುತ್ತದೆ.

ಸ್ಥಳಕ್ಕೆ ಹೋದಾಗ ಆದಷ್ಟು ನಾಲ್ಕೂ ಬದಿ ಸುತ್ತಿ ಬರುತ್ತೇನೆ, ಆಗದಿದ್ದರೆ ಬೇರೊಬ್ಬರನ್ನು ಕಳಿಸಿ ವಾಕಿಟಾಕಿಯಲ್ಲಿ ಕೇಳುತ್ತೇನೆ. ಮುಂದೆ ಎರಡು ಅಂತಸ್ತು ಕಂಡರೂ ಇಳಿಜಾರಿನ ಕಟ್ಟಡಕ್ಕೆ ಹಿಂದೆ ಮೂರು ಇರಬಹುದು. ಉರಿಯುತ್ತಿರುವುದು ಒಳಗಿನ ಸಾಮಾನೋ, ಕಟ್ಟಡದ ಮೈಯೋ ಎಂದು ನೋಡುತ್ತೇನೆ. ಸಾಮಾನಾದರೆ ಸ್ವಲ್ಪ ಹೊತ್ತು ಸಿಗುತ್ತದೆ. ಇಟ್ಟಿಗೆಯ ಸಂದುಗಳಿಂದ ಹೊಗೆ ಬರುವುದು, ಬಾಗಿಲ ಚೌಕಟ್ಟು ಓರೆಯಾಗುವುದು, ಬಿರುಕು ಕಣ್ಣೆದುರೇ ಅಗಲವಾಗುವುದು, ಕಾಲಡಿಯ ನೆಲ ಮೆತ್ತಗಾಗುವುದು, ಇವುಗಳಲ್ಲಿ ಒಂದು ಕಂಡರೂ ತಂಡವನ್ನು ಹೊರಗೆ ಕರೆಯುತ್ತೇನೆ. ಹಗುರ ಜಂತಿಯ ಮಹಡಿ ಇಂಥ ಯಾವ ಸೂಚನೆಯನ್ನೂ ಕೊಡದೆ ಬೀಳಬಹುದು, ಹಾಗಾಗಿ ಅಲ್ಲಿ ಸೂಚನೆಗೆ ಕಾಯುತ್ತಾ ಕೂರುವಂತಿಲ್ಲ. ಹೊರಗೆ ಬಂದವರು ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದಲ್ಲಿರಬೇಕು. ಗಾಡಿ ಹತ್ತಿರವೇ ಬೇಕೆಂದರೆ ಮೂಲೆಗೆ ನಿಲ್ಲಿಸುತ್ತೇವೆ, ಗೋಡೆ ಸಾಮಾನ್ಯವಾಗಿ ನೇರ ಎದುರಿಗೆ ಬೀಳುತ್ತದೆ.

ಠಾಣೆಯ ವ್ಯಾಪ್ತಿಯ ದೊಡ್ಡ ಕಟ್ಟಡಗಳಿಗೆ ಒಂದೊಂದು ಕಾರ್ಡ್ ಮಾಡಿಟ್ಟಿದ್ದೇವೆ. ಚಾವಣಿಯನ್ನು ಏನು ಹೊತ್ತಿದೆ, ತೊಲೆಗಳು ಯಾವ ದಿಕ್ಕಿಗೆ ಹಾದಿವೆ, ನೆಲಮಾಳಿಗೆ ಎಲ್ಲಿಯವರೆಗೆ, ಆಮೇಲೆ ಏನು ಕಟ್ಟಿದರು, ಏನು ಒಡೆದರು ಎಂಬುದಷ್ಟೇ ಅದರಲ್ಲಿ ಇರುತ್ತದೆ. ಹೊಸದಾಗಿ ಸೇರಿದವರನ್ನು ಕರೆದುಕೊಂಡು ಹೋಗಿ ಕಾರ್ಡನ್ನು ಅವರ ಕೈಯಲ್ಲೇ ಬರೆಸುತ್ತೇನೆ. ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡದೆ ಯಾವ ಕಾರ್ಡಿಗೂ ಸಹಿ ಹಾಕುವುದಿಲ್ಲ. ಚಾವಣಿಗಳ ಮೇಲೆ ಸೌರ ಫಲಕಗಳು ಹೆಚ್ಚುತ್ತಿರುವುದರಿಂದ ಇತ್ತೀಚೆಗೆ ಅದಕ್ಕೂ ಒಂದು ಸಾಲು ಸೇರಿಸಿದ್ದೇವೆ. ಅವು ಎಂದೋ ಕಟ್ಟಿದ ಚಾವಣಿಗೆ ಹೊಸ ಭಾರ, ಜೊತೆಗೆ ಮೇನ್ ಸ್ವಿಚ್ ತೆಗೆದರೂ ಬಿಸಿಲಿರುವಷ್ಟು ಹೊತ್ತು ಫಲಕದ ಕಡೆಯ ತಂತಿಯಲ್ಲಿ ವಿದ್ಯುತ್ ಇರುತ್ತದೆ.