ಬೀಗ ಹಾಕಿದ ಮನೆಯ ಮಕ್ಕಳು

ನಮ್ಮ ಅಂಗನವಾಡಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟಗಳ ನಡುವೆ ಇದೆ. ಮೂರು ವರ್ಷದ ಹಿಂದೆ ಹಾಜರಿ ಪುಸ್ತಕದಲ್ಲಿ 9 ಹೆಸರು. ದಿನಾ ಬರುತ್ತಿದ್ದವರು ಐದಾರು ಮಂದಿ. ಉಳಿದ ಮಕ್ಕಳನ್ನು ಎಲ್‌ಕೆಜಿ ವ್ಯಾನು ಬೆಳಗ್ಗೆಯೇ ಹತ್ತಿಸಿಕೊಂಡು ಹೋಗುತ್ತಿತ್ತು. ವ್ಯಾನಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಆದರೆ ವ್ಯಾನೂ ಹೋಗದ ಮನೆಗಳಿದ್ದವು. ಅಲ್ಲಿಗೆ ನಾನೂ ಹೋಗಿರಲಿಲ್ಲ.

ಹೋಗಿರಲಿಲ್ಲ ಅಂದರೆ, ಸರ್ವೆಗೆ ಹಗಲು ಹೊತ್ತು ಹೋಗುತ್ತಿದ್ದೆ. ಬಾಗಿಲಿಗೆ ಬೀಗ. 'ಯಾರೂ ಇಲ್ಲ' ಎಂದು ಬರೆದು ಮುಂದಿನ ಮನೆ. ಆ ವರ್ಷ ಸಂಜೆ ಆರಕ್ಕೆ ಹೆಲ್ಪರ್ ಅಕ್ಕನ ಜೊತೆ ಹೊರಟೆ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಅಸ್ಸಾಮಿನ ಎರಡು ಸಂಸಾರ, ಮೂರು ಮಕ್ಕಳು. "ರೇಷನ್ ಕಾರ್ಡ್ ನಹೀ ಹೈ ದೀದಿ" ಅಂದಳು ಒಬ್ಬಳು. ಅಂಗನವಾಡಿಗೆ ಅದು ಬೇಡ ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳುವಷ್ಟರಲ್ಲಿ ಕತ್ತಲಾಯಿತು.

ಗುಡ್ಡದ ಬದಿಯ ಕೊರಗ ಬುಡಕಟ್ಟಿನವರ ಮನೆಗಳಲ್ಲಿ ನಾಲ್ಕು ಮಕ್ಕಳು. ಅಕ್ಕಂದಿರು ಶಾಲೆಗೆ ಹೋಗುವಾಗ ಬಿಟ್ಟುಹೋಗಲಿ ಎಂದು ಒಂಬತ್ತೂವರೆಯ ಬದಲು ಒಂಬತ್ತಕ್ಕೇ ಬಾಗಿಲು ತೆರೆದೆ. ಅದೇ ಕೆಲಸ ಮಾಡಿತು. ಆದರೆ ಒಬ್ಬ ತಾಯಿ ಬಂದು, "ಅವರ ಜೊತೆ ಕೂರಿಸ್ತೀರಾ ಟೀಚರೆ?" ಎಂದು ಕೇಳಿದರು. ಊಟಕ್ಕೂ ಒಂದೇ ಸಾಲು ಅಂದೆ. ಎರಡು ವಾರ ಅವರ ಮಗು ಬರಲಿಲ್ಲ. ಆಮೇಲೆ ಬಂತು. ಕಾರಣ ನಾನು ಕೇಳಲಿಲ್ಲ.

ಹೀಗೆ 16 ಆಯಿತು. ಈಗ ಭಾಷೆಯ ಕತೆ. ನಾನು ಸಾಗರದ ಕಡೆಯಿಂದ ಮದುವೆಯಾಗಿ ಬಂದವಳು. ಶುರುವಿನಲ್ಲಿ ಒಬ್ಬ ಹುಡುಗ "ಉಚ್ಚು, ಉಚ್ಚು" ಎಂದು ಕಿರುಚಿದ. ಉಚ್ಚೆ ಅಂದುಕೊಂಡು ಎಳೆದುಕೊಂಡು ಟಾಯ್ಲೆಟ್ಟಿಗೆ ಹೋದೆ. ತುಳುವಿನಲ್ಲಿ ಉಚ್ಚು ಅಂದರೆ ಹಾವು! ಅಂಗಳದಲ್ಲಿ ಕೇರೆ ಹಾವು ಆರಾಮಾಗಿ ಮಲಗಿತ್ತು. ಅಂದಿನಿಂದ ಹೊಸ ಮಗು ಸೇರಿದ ದಿನವೇ ತಾಯಿಯ ಹತ್ತಿರ ನಾಲ್ಕು ಮಾತು ಕೇಳಿ ಬರೆದುಕೊಳ್ಳುತ್ತೇನೆ: ನೀರು, ಹಸಿವು, ಮೂತ್ರ, ಹೊಟ್ಟೆನೋವು. ನೀರಿಗೇ ನೋಡಿ, ತುಳುವಿನಲ್ಲಿ ನೀರ್, ಮಲಯಾಳದಲ್ಲಿ ವೆಳ್ಳಂ, ಕೊಂಕಣಿಯಲ್ಲಿ ಉದ್ದಾಕ. ಗೋಡೆಯ ಚಾರ್ಟುಗಳು ಹೆಚ್ಚಿನವು ಮಲಯಾಳದಲ್ಲೇ ಇದ್ದವು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಕ್ಷರ ನಾನೇ ಬರೆದು ಪಕ್ಕದಲ್ಲಿ ಅಂಟಿಸಿದೆ.

ಮೊಟ್ಟೆಯ ದಿನ ಹವ್ಯಕರ ಮನೆಯ ಇಬ್ಬರಿಗೆ ಬಾಳೆಹಣ್ಣು. 2025ರಲ್ಲಿ ಮೆನುವಿಗೆ ಮೊಟ್ಟೆ ಬಿರಿಯಾನಿ ಸೇರಿತಲ್ಲ, ಆ ದಿನ ಹಾಜರಿ ತಪ್ಪುವುದೇ ಇಲ್ಲ. ಅಮ್ಮಂದಿರಿಗೆ ನಾನು ಮಾಡಿದ ಭಾಷಣಗಳಿಗಿಂತ ಅದು ಜಾಸ್ತಿ ಕೆಲಸ ಮಾಡಿದೆ.

ಕಳೆದ ತಿಂಗಳು ಅಸ್ಸಾಮಿನ ಒಂದು ಸಂಸಾರ ಊರಿಗೆ ಹೊರಟಿತು. ಎರಡು ಹೆಸರು ಕಡಿಮೆ. ಆ ಲೈನ್ ಮನೆಗೆ ಬೇರೆ ಯಾರೋ ಬಂದಿದ್ದಾರಂತೆ. ಹಗಲು ಬೀಗ ಇದೆ, ಸಂಜೆ ಹೋಗಬೇಕು.