ಶಿಸ್ತಿನ ದಾಖಲೆಯನ್ನು ಗುಂಪುವಾರು ಓದಿದಾಗ: ನನ್ನ ಅನುಭವ

ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಸ್ತುಪಾಲನೆಯ ಹೊಣೆ ನನ್ನದಾಗಿದ್ದಾಗ, ತಮ್ಮ ಮೇಲಿನ ದೂರಿಗಾಗಿ ಮುಖ್ಯೋಪಾಧ್ಯಾಯರ ಬಳಿಗೆ ಕಳುಹಿಸಲ್ಪಟ್ಟ ಮಕ್ಕಳ ದಾಖಲೆ ಪುಸ್ತಕವನ್ನು ಗುಂಪುವಾರು ಪರಿಶೀಲಿಸಿದೆ. ಕರಾವಳಿಯಿಂದ ಬಂದು ಹೋಟೆಲು, ಕಚೇರಿಗಳಲ್ಲಿ ನೆಲೆ ಕಂಡವರ ಮಕ್ಕಳೂ ಕಲಬುರಗಿ, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮಲ್ಲಿ ಒಟ್ಟಿಗೆ ಓದುತ್ತಾರೆ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2018ರ ವರದಿಯ ಪ್ರಕಾರ, 2013–14ರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಕಪ್ಪು ವರ್ಣೀಯರು ಶೇ. 15.5ರಷ್ಟಿದ್ದರೂ, ಅಮಾನತುಗೊಂಡವರಲ್ಲಿ ಅವರ ಪಾಲು ಸುಮಾರು ಶೇ. 39 ಇತ್ತು. ಅದನ್ನು ಓದಿದ ಮೇಲೆ ನಮ್ಮ ಪುಸ್ತಕವನ್ನು ತೆರೆಯದಿರಲು ಮನಸ್ಸು ಒಪ್ಪಲಿಲ್ಲ.

ದೂರುಗಳನ್ನು ಸುಮ್ಮನೆ ಎಣಿಸಿದರೆ ದೊಡ್ಡ ಗುಂಪೇ ತಪ್ಪಿತಸ್ಥನಂತೆ ಕಾಣುತ್ತದೆ. ಉದಾಹರಣೆಗೆ, 200 ಮಕ್ಕಳಲ್ಲಿ 20 ಮಂದಿಯ ಮೇಲೂ 50 ಮಕ್ಕಳಲ್ಲಿ 15 ಮಂದಿಯ ಮೇಲೂ ದೂರಿದ್ದರೆ, ಮೊದಲ ಗುಂಪಿನದು ಶೇ. 10, ಎರಡನೆಯದರದು ಶೇ. 30. ಒಬ್ಬನ ಮೇಲೆಯೇ ಮತ್ತೆ ಮತ್ತೆ ಬಂದ ದೂರುಗಳು ಇಡೀ ಗುಂಪಿನ ಲೆಕ್ಕವನ್ನು ಏರಿಸುವುದರಿಂದ, ಮಕ್ಕಳ ಸಂಖ್ಯೆಯನ್ನೂ ದೂರುಗಳ ಸಂಖ್ಯೆಯನ್ನೂ ಪ್ರತ್ಯೇಕವಾಗಿ ಬರೆದುಕೊಂಡೆ.

ಬಳಿಕ, ಕಿಟಕಿ ಒಡೆದದ್ದು, ಹೊಡೆದಾಟ ಮುಂತಾದ ಯಾರ ಕಣ್ಣಿಗೂ ಬೀಳುವ ತಪ್ಪುಗಳನ್ನು ಒಂದು ಕಡೆ, ಉದ್ಧಟತನ, ಎದುರುತ್ತರ ಮುಂತಾದ, ಶಿಕ್ಷಕರ ಅಭಿಪ್ರಾಯವನ್ನೇ ಅವಲಂಬಿಸಿದ ತಪ್ಪುಗಳನ್ನು ಇನ್ನೊಂದು ಕಡೆ ಇಟ್ಟೆ. ಮೊದಲ ಬಗೆಯಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಎರಡನೆಯದರಲ್ಲಿ ಕಾರ್ಮಿಕರ ಗಂಡುಮಕ್ಕಳೇ ತುಂಬಿದ್ದರು. ‘ಉದ್ಧಟತನ’ ಎಂದಷ್ಟೇ ಬರೆದ ಸಾಲಿನಿಂದ ಹುಡುಗ ಏನೆಂದನೆಂಬುದು ತಿಳಿಯುವಂತಿರಲಿಲ್ಲ. ಆದ್ದರಿಂದ ಕಂಡದ್ದು, ಕೇಳಿದ್ದು, ಅದಕ್ಕೆ ಮುನ್ನ ನಡೆದದ್ದು ಎಂಬ ಅಂಕಣಗಳನ್ನು ಸೇರಿಸಿದೆ. ಕೆಲವು ಸಹೋದ್ಯೋಗಿಗಳಿಗೆ ಇದು ತಮ್ಮ ಮೇಲಿನ ಅಪನಂಬಿಕೆಯೆನಿಸಿತು. ಆ ನೋವು ಸಹಜವಾದದ್ದೇ ಆದರೂ ಮಗುವಿನ ಹೆಸರಿನ ಮುಂದೆ ಉಳಿಯುವ ಮಾತಿಗೆ ಆಧಾರ ಬೇಕೆಂಬ ನಿಲುವನ್ನು ನಾನು ಸಡಿಲಿಸಲಿಲ್ಲ.

ತಡವಾಗಿ ಬಂದವರ ಪಟ್ಟಿ ಬೇರೆಯದೇ ಕಥೆ ಹೇಳಿತು. ಅದರಲ್ಲಿ ಹೆಚ್ಚಿನವರು ಒಂದೇ ವಸತಿಯ ಹುಡುಗಿಯರು. ಅಲ್ಲಿ ನಲ್ಲಿಗೆ ನೀರು ಬರುವ ಹೊತ್ತೂ ಶಾಲೆಯ ಗಂಟೆಯೂ ಒಂದೇ. ತಾಯಂದಿರು ಅಷ್ಟರೊಳಗೆ ಕೆಲಸಕ್ಕೆ ಹೊರಟಿರುವುದರಿಂದ ಕೊಡ ತುಂಬಿಸುವ ಭಾರ ಮಗಳ ಮೇಲೆ. ಇತ್ತ ಗೇಟಿನ ಹೊರಗೆ ನಿಂತು ಅವರು ಕಳೆದುಕೊಳ್ಳುತ್ತಿದ್ದದ್ದು ಗಣಿತದ ಅವಧಿಯನ್ನು. ಈ ಪಟ್ಟಿಯನ್ನು ಶಿಕ್ಷಕರ ಸಭೆಯಲ್ಲಿ ಇಟ್ಟಾಗ ಯಾರೂ ವಾದಿಸಲಿಲ್ಲ. ಅವರನ್ನು ಹೊರಗೆ ನಿಲ್ಲಿಸದೆ ನೇರವಾಗಿ ತರಗತಿಗೆ ಬಿಡಬೇಕೆಂದೂ ಗಣಿತವನ್ನು ಮೂರನೆಯ ಅವಧಿಗೆ ಸರಿಸಬೇಕೆಂದೂ ಮುಖ್ಯೋಪಾಧ್ಯಾಯರು ಅಂದೇ ಸೂಚಿಸಿದರು.